ಮೌನ ಸಮ್ಮತಿಯಲ್ಲ

ಧರ್ಮಕಾರ್ಯವನ್ನು ಪ್ರಶ್ನಿಸಬಾರದೆಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಅದರ ಮರೆಯಲ್ಲೇ ಇಂದು ಹೊಸದೊಂದು ವಸೂಲಿ ಬೆಳೆದಿದೆ. ಕುರುಗೋಡಿನ ಹುಡುಗ ಕೆಲಸಕ್ಕೆ ಅರ್ಜಿ ಹಾಕಲೆಂದು ಸೈಬರ್ ಅಂಗಡಿಯಲ್ಲಿ ಇಮೇಲ್ ವಿಳಾಸ ಮಾಡಿಸುತ್ತಾನೆ. ಕೆಲಸದ ಕರೆ ಬರುವ ಮೊದಲೇ ದಾನದ ಬೇಡಿಕೆ ಬರುತ್ತದೆ! ಮೂಗಿಗೆ ಪೈಪು ಹಾಕಿದ ಕೂಸಿನ ಚಿತ್ರ, ನಾಳೆಯೊಳಗೆ ಹಣ ಬಾರದಿದ್ದರೆ ಕೂಸು ಉಳಿಯದೆಂಬ ಬೆದರಿಕೆ, ಕೆಳಗೆ ಹಣ ಕಳಿಸಲು ಬಟನ್. ಇವನ ವಿಳಾಸವನ್ನು ಅವರಿಗೆ ಕೊಟ್ಟವರಾರು? ಉತ್ತರವಿಲ್ಲ.

ಪುಣ್ಯದ ಕೆಲಸಕ್ಕೆ ಕೇಳಿದರೆ ತಪ್ಪೇನು ಎನ್ನುವವರುಂಟು. ಕೇಳುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಜೋಳಿಗೆ ಹಿಡಿಯುವುದು ಈ ನಾಡಿಗೆ ಹೊಸದೂ ಅಲ್ಲ, ಅವಮಾನವೂ ಅಲ್ಲ. ಆದರೆ ಸಿರುಗುಪ್ಪದಲ್ಲಿ ಭತ್ತದ ರಾಶಿಯ ಕಾಲಕ್ಕೆ ಕಣಕ್ಕೆ ಬರುವ ಜಂಗಮರು ತಮ್ಮ ಕಾಲಿನಿಂದಲೇ ನಡೆದು ಬರುತ್ತಾರೆ, ಮುಖ ತೋರಿಸುತ್ತಾರೆ. "ಮುಂದಕ್ಕ ಹೋಗ್ರಿ, ಅಯ್ಯನವರೇ" ಎಂದರೆ ಹೋಗುತ್ತಾರೆ. ಅಲ್ಲಿ ಬೇಡುವ ಶ್ರಮ ಬೇಡುವವರದು. ಇಮೇಲಿನ ಭಿಕ್ಷೆಯಲ್ಲಿ ಇದೆಲ್ಲ ತಲೆಕೆಳಗು. ಲಕ್ಷ ಪತ್ರ ಕಳಿಸಲು ಕಳಿಸುವವನಿಗೆ ಹೆಚ್ಚಿನ ಖರ್ಚಿಲ್ಲ. ಓದುವ, ಅಳಿಸುವ, ನಿಜ ಯಾವುದು ಮೋಸ ಯಾವುದು ಎಂದು ಹುಡುಕುವ ಕಷ್ಟವೆಲ್ಲ ಪಡೆದವನ ತಲೆಗೆ. ಸಾವಿರಕ್ಕೊಬ್ಬ ಕೊಟ್ಟರೂ ಅವರಿಗೆ ಲಾಭ. ಉಳಿದ 999 ಮಂದಿಯ ವೇಳೆ ಯಾವ ಲೆಕ್ಕದಲ್ಲೂ ಸೇರುವುದಿಲ್ಲ. ಇದಕ್ಕೆ ಬಿಟ್ಟಿ ಚಾಕರಿ ಎಂದು ಹೆಸರು. ಜಮೀನುದಾರನ ಹೊಲದಲ್ಲಿ ನಡೆದರೂ ಅದೇ, ಧರ್ಮಸಂಸ್ಥೆಯ ಕಂಪ್ಯೂಟರಿನಲ್ಲಿ ನಡೆದರೂ ಅದೇ.

"ಬೇಡವಾದರೆ ತಿಳಿಸಿ, ನಿಲ್ಲಿಸುತ್ತೇವೆ" ಎಂಬ ಸಮಾಧಾನವೊಂದಿದೆ. ಕೊಡುವೆನೆಂದು ಹೇಳದವನು ಒಲ್ಲೆನೆಂದು ಏಕೆ ಹೇಳಬೇಕು? ಈ ವಿದ್ಯೆಗೆ ಸರ್ಕಾರವೂ ಮೇಲ್ಪಂಕ್ತಿ ಹಾಕಿದೆ. 2020ರ ಏಪ್ರಿಲಿನಲ್ಲಿ ಕೇಂದ್ರದ ಕಂದಾಯ ಇಲಾಖೆ, 2021ರ ಮಾರ್ಚಿನವರೆಗೆ ತಿಂಗಳಿಗೊಂದು ದಿನದ ಸಂಬಳವನ್ನು ಪಿಎಂ ಕೇರ್ಸ್ ನಿಧಿಗೆ ಕೊಡಿರೆಂದು ತನ್ನ ನೌಕರರಿಗೆ ಸುತ್ತೋಲೆ ಹೊರಡಿಸಿತು. ಆಕ್ಷೇಪವಿದ್ದವರು ಬರೆದು ತಿಳಿಸಬೇಕಂತೆ! ಮೇಲಧಿಕಾರಿಯ ಕೈಗೆ ಅಂತಹ ಚೀಟಿ ಕೊಡುವ ಎದೆ ಎಷ್ಟು ಗುಮಾಸ್ತರಿಗೆ ಇದ್ದೀತು? ಅದೇ ವರ್ಷ ಆ ನಿಧಿಯ ವಿವರ ಕೇಳಿದವರಿಗೆ, ಅದು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬಾರದೆಂದು ಪ್ರಧಾನಿಗಳ ಕಾರ್ಯಾಲಯ ಉತ್ತರ ಕೊಟ್ಟಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆಯೆಂದರೆ ಬಲವಂತವಿಲ್ಲದೆ, ತಿಳಿದು, ಸ್ಪಷ್ಟವಾಗಿ ಕೊಟ್ಟ ಒಪ್ಪಿಗೆ. ಒಳ್ಳೆಯ ಮಾತು. ಆದರೆ ನಿಯಮಗಳು ಹೊರಬರಲು 2025ರ ನವೆಂಬರ್ ಆಯಿತು; ಒಪ್ಪಿಗೆಯ ಕಲಮುಗಳಿಗೆ ಅಲ್ಲಿಂದ ಮತ್ತೆ 18 ತಿಂಗಳ ಗಡುವು. ಇಂಗ್ಲೆಂಡಿನಲ್ಲಿ, ಇಂಥ ಸಂಸ್ಥೆ ನನಗೆ ಬರೆಯಕೂಡದೆಂದು ಒಂದೇ ಕಡೆ ತಿಳಿಸುವ ಏರ್ಪಾಡು 2017ರಲ್ಲೇ ಆಯಿತು.

ಇನ್ನು ಆ ಕೂಸಿನ ಮಾತು. ಅದರ ಚಿಕಿತ್ಸೆ ಕಂಡವರ ಕನಿಕರಕ್ಕೆ ಬಿಟ್ಟದ್ದೇ? 2015ರ ತಿದ್ದುಪಡಿಯಿಂದ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ರಾಜಧನದ ಮೇಲೆ ಪಾಲು ಕಟ್ಟಬೇಕು: ಹಳೆಯ ಗುತ್ತಿಗೆಗೆ ಶೇಕಡ 30, ಹರಾಜಿನ ಗುತ್ತಿಗೆಗೆ 10. ಆರೋಗ್ಯ ಆ ಹಣದ ಮೊದಲ ಬಾಬುಗಳಲ್ಲೊಂದು. ಬಳ್ಳಾರಿಯ ಗಣಿ ಧಣಿಗಳಿಂದ ಇದನ್ನು ಪಡೆಯಲು ಯಾವ ಕೂಸಿನ ಚಿತ್ರವೂ ಬೇಕಾಗಲಿಲ್ಲ, ಕಾನೂನು ಸಾಕಾಯಿತು. ಆಸ್ಪತ್ರೆಯ ಹಾಸಿಗೆ ಕೇಳಬೇಕಾದದ್ದು ಅಲ್ಲಿ, ನಿರುದ್ಯೋಗಿಯ ಇಮೇಲಿನಲ್ಲಲ್ಲ.

ಅಲ್ಲಿಯವರೆಗೆ ನಿಧಿ ಎತ್ತುವ ಸಂಸ್ಥೆಗಳು ಇಷ್ಟಾದರೂ ಮಾಡಲಿ: ವಿಳಾಸ ಯಾರಿಂದ ಸಿಕ್ಕಿತು, ಬಂದ ರೂಪಾಯಿಯಲ್ಲಿ ಪ್ರಚಾರಕ್ಕೆ ಎಷ್ಟು ಪೈಸೆ ಹೋಯಿತು ಎಂಬುದನ್ನು ಪತ್ರದ ತಲೆಯಲ್ಲೇ ಕನ್ನಡದಲ್ಲಿ ಬರೆಯಲಿ.