ಟೊಳ್ಳು ಮರಕ್ಕೆ ಕೊಡಲಿ ಬೇಡ

ಮಾಘ ಮಾಸ ಬಂತೆಂದರೆ ಶಿರಸಿ, ಸಿದ್ದಾಪುರದ ಕಡೆಯ ತೋಟಿಗರಿಗೆ ಬೆಟ್ಟದ ಕೆಲಸ. ಕೊನೆಕೊಯ್ಲು ಮುಗಿಯುತ್ತ ಬಂದಿರುತ್ತದೆ, ಮರಗಳು ಎಲೆ ಉದುರಿಸಿರುತ್ತವೆ. ದರಕು ಗುಡಿಸಿ, ಕಲ್ಲಿಯಲ್ಲಿ ತುಂಬಿ ಕೊಟ್ಟಿಗೆಗೆ ಹೊರಬೇಕು. ಹುಬ್ಬಳ್ಳಿಯಲ್ಲಿ ನೌಕರಿಗಿರುವ ನಾನು ಈ ಕಾಲದ ಶನಿವಾರ, ಭಾನುವಾರಗಳನ್ನು ಊರಿಗೇ ಮೀಸಲಿಟ್ಟಿದ್ದೇನೆ. ಬೆಟ್ಟದ ಬಗ್ಗೆ ನನಗಿರುವ ಮುಖ್ಯ ತಕರಾರನ್ನು ಇಲ್ಲಿ ಹೇಳುತ್ತೇನೆ: ಟೊಳ್ಳಾಯಿತು ಎಂಬ ಕಾರಣಕ್ಕೆ ನಾವು ಮರ ಕಡಿಯುತ್ತಿದ್ದೇವೆ, ಅದು ನಿಲ್ಲಬೇಕು.

ಸೊಪ್ಪಿನಬೆಟ್ಟ ಬ್ರಿಟಿಷರ ಕಾಲದಿಂದ ನಡೆದುಬಂದ ಏರ್ಪಾಡು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು ದರಕಿನ ಸವಲತ್ತು ನಮ್ಮದು. ತಲೆಮಾರುಗಳಿಂದ ಸೊಪ್ಪು ಸವರಿಸಿಕೊಂಡ ಮರಗಳಲ್ಲಿ ಗಾಯದೊಳಗೆ ನೀರಿಳಿದು, ತಿರುಳು ಕೊಳೆತು ಪೊಟರೆಗಳಾಗಿವೆ. ಹೊರಗಿಂದ ನೋಡಿದರೆ ಕೆಲಸಕ್ಕೆ ಬಾರದ ಮರ. ನಮ್ಮ ಬೆಟ್ಟದಲ್ಲೂ ಅಂಥದ್ದೊಂದು ಹಳೆಯ ನಂದಿ ಮರವಿದೆ. "ಟೊಳ್ಳಾಗೋಯ್ದು ತಂಗಿ, ಮಳೆಗಾಲಕ್ಕೆ ಬೀಳದೇಯ. ಕಟ್ಟಿಗೆಗಾದ್ರೂ ಆಗ್ಲಿ" ಎಂದು ಚಿಕ್ಕಪ್ಪ ಅದಕ್ಕೆ ಗುರುತು ಹಾಕಿದ್ದರು.

ಆ ಮರದ ಬುಡದಲ್ಲಿ ದರಕು ಗುಡಿಸುವಾಗ ಕಸಬರಿಗೆಗೆ ಬೀಜಗಳು ಸಿಕ್ಕವು. ಸುತ್ತಮುತ್ತ ಎಲ್ಲೂ ರಾಂಪತ್ರೆ ಮರವಿಲ್ಲ, ಆದರೂ ಪತ್ರೆ ಸುಲಿದ ನುಣುಪಾದ ರಾಂಪತ್ರೆ ಬೀಜಗಳು ಅಲ್ಲಿ ಬಿದ್ದಿದ್ದವು. ತಲೆಯೆತ್ತಿದರೆ ಕಾಂಡದ ಗಂಟಿನ ಕೆಳಗೊಂದು ಪೊಟರೆ, ಬಾಯಿಗೆ ಮೆತ್ತಿ ಮುಚ್ಚಿದ ಗೋಡೆ, ನಡುವೆ ಬೆರಳಗಲದ ಸೀಳು. ಮಂಗಟ್ಟೆ ಗೂಡು! ಪೊದೆಯ ಮರೆಗೆ ಹೋಗಿ ಕೂತೆ. ಊರಿಡೀ ಕೇಳುವಂತೆ ಕೇಕೆ ಹಾಕುವ ಗಂಡು ಗೂಡಿನ ಹತ್ತಿರ ಸದ್ದಿಲ್ಲದೆ ಬಂತು. ತೊಗಟೆಗೆ ಆತುಕೊಂಡು ಗಂಟಲಿನಿಂದ ಒಂದು ಬಸರಿ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಇಟ್ಟಿತು. ಮತ್ತೊಂದು, ಮತ್ತೂ ಒಂದು. ಒಳಗಿನ ಕೊಕ್ಕಿನ ತುದಿ ಅವನ್ನು ಒಂದೊಂದಾಗಿ ತೆಗೆದುಕೊಳ್ಳುತ್ತಿತ್ತು.

ಒಳಗಿರುವ ಹೆಣ್ಣು ತಾನೇ ಬಾಗಿಲು ಮುಚ್ಚಿಕೊಂಡು, ರೆಕ್ಕೆಯ ಗರಿ ಉದುರಿಸಿಕೊಂಡು ಸುಮಾರು ಮೂರು ತಿಂಗಳು ಅಲ್ಲೇ ಇರುತ್ತದೆ. ಹೊತ್ತು ಹೊತ್ತಿಗೆ ಹಣ್ಣು ತರುವುದು ಗಂಡು. ಮಂಗಟ್ಟೆಗೆ ಮರಕುಟಿಗನ ಹಾಗೆ ಮರ ಕೊರೆಯುವ ಶಕ್ತಿಯಿಲ್ಲ, ತಾನಾಗಿ ಆದ ಪೊಟರೆಯೇ ಬೇಕು. ಅದು ಆಗಲು ಎಷ್ಟೋ ಮಳೆಗಾಲ ಹಿಡಿಯುತ್ತದೆ, ಮರ ಉರುಳಿಸಲು ಅರ್ಧ ಗಂಟೆ ಸಾಕು. ನಮ್ಮ ಬೂದು ಮಂಗಟ್ಟೆ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದನ್ನೀಗ ಅಪಾಯದಂಚಿನ ಜೀವಿ ಎಂದು ಗುರುತಿಸಿದೆ.

ಬೆಟ್ಟಕ್ಕೆ ಬೆಂಕಿ ಕೊಡುವವರ ಬಗ್ಗೆಯೂ ಹೇಳಲೇಬೇಕು. ಉಣುಗು ಸಾಯಲಿ ಎಂದು ಕೆಲವರು ಹಚ್ಚುತ್ತಾರೆ. ಅವರ ಭಯ ಸುಳ್ಳಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈ ತಿಂಗಳುಗಳಲ್ಲೇ ಮಲೆನಾಡನ್ನು ಕಾಡುತ್ತದೆ, ದರಕಿಗೆ ಹೋಗುವವರಿಗೇ ಹೆಚ್ಚು ತಗಲುತ್ತದೆ. ಅದಕ್ಕೆ ಮೈತುಂಬ ಬಟ್ಟೆ, ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ, ಇವು ತಪ್ಪಬಾರದು. ಬೆಂಕಿ ಕೊಟ್ಟರೆ ಮಂಗಟ್ಟೆ ಬಿತ್ತಿದ ರಾಂಪತ್ರೆ, ಬಸರಿ ಸಸಿಗಳೆಲ್ಲ ಸುಟ್ಟು, ಮುಂದೆ ಬೆಟ್ಟದಲ್ಲಿ ಸೊಪ್ಪೂ ಇರುವುದಿಲ್ಲ. ಗಡಿಯ ಸುತ್ತ ದರಕು ಸರಿಯಾಗಿ ಗುಡಿಸಿದರೆ ಅದೇ ಬೆಂಕಿ ರೇಖೆಯಾಗುತ್ತದೆ. ನಡುವಿನ ದರಕನ್ನು ಪೂರ್ತಿ ಕೆರೆಯದೆ ಅರ್ಧ ಬಿಟ್ಟರೆ ನೆಲದ ತೇವವೂ ಉಳಿಯುತ್ತದೆ.

ಚಿಕ್ಕಪ್ಪನನ್ನು ಕರೆದು ಗೂಡು ತೋರಿಸಿದೆ. ಬಹಳ ಹೊತ್ತು ನೋಡಿ, ಮಾತಾಡದೆ ಕತ್ತಿಯಿಂದ ಗುರುತು ಕೆರೆದು ಹಾಕಿದರು.

ಬೆಟ್ಟ ಇರುವವರಲ್ಲಿ ನನ್ನ ವಿನಂತಿ ಇಷ್ಟೆ. ಸೊಪ್ಪು ಸವರುವ ಮೊದಲು ಹಳೆಯ ಮರದ ಬುಡ ನೋಡಿ, ಬೀಜ ಬಿದ್ದಿದೆಯೇ ಎಂದು. ಬಿದ್ದಿದ್ದರೆ ಮೇ ಮುಗಿಯುವವರೆಗೆ ಆ ಮರದ ಸುತ್ತ ಕೆಲಸ ಬೇಡ. ಫೋಟೋ ತೆಗೆಯುವವರನ್ನೂ ಕರೆತರಬೇಡಿ. ಜನ ನಿಂತರೆ ಗಂಡು ಹಣ್ಣು ಹಿಡಿದು ದೂರದಲ್ಲೇ ಕಾಯುತ್ತದೆ, ಒಳಗಿರುವವು ಹಸಿದಿರುತ್ತವೆ. ಮರಿ ಹಾರಿದ ಮೇಲೂ ಮರ ಕಡಿಯಬೇಡಿ, ಆ ಜೋಡಿ ಸಾಮಾನ್ಯವಾಗಿ ಮುಂದಿನ ವರ್ಷವೂ ಅದೇ ಪೊಟರೆಗೆ ಬರುತ್ತದೆ.