ಮಂಗಳನ ಗಾಳಿ, ಮ್ಯಾನ್‌ಹೋಲಿನ ಗಾಳಿ

ಮೀಥೇನ್ ಅನಿಲವು ಅವಕೆಂಪು ಬೆಳಕಿನ ಕೆಲವು ನಿರ್ದಿಷ್ಟ ತರಂಗಾಂತರಗಳನ್ನು ಹೀರಿಕೊಳ್ಳುತ್ತದೆ. ಹಾದುಹೋದ ಲೇಸರ್ ಕಿರಣ ಎಷ್ಟು ಕುಂದಿತೆಂದು ಅಳೆದರೆ ಅನಿಲದ ಪ್ರಮಾಣ ತಿಳಿಯುತ್ತದೆ. 2012ರಲ್ಲಿ ಮಂಗಳಕ್ಕಿಳಿದ ಕ್ಯೂರಿಯಾಸಿಟಿ ಅಲ್ಲಿಯ ಮೀಥೇನನ್ನು ಅರಸಿದ್ದು ಇದೇ ವಿಧಾನದಿಂದ. ಇಂದು ಅಂಥ ಸಾಧನ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ.

ಆದರೂ ನಾವು ನೆಲೆಸಿರುವ ಮಹಾನಗರಗಳಲ್ಲಿ ಮ್ಯಾನ್‌ಹೋಲಿನ ಗಾಳಿಗೆ ಎಷ್ಟೋ ಸಲ ಮನುಷ್ಯನ ಉಸಿರೇ ಪರೀಕ್ಷೆ. ರಕ್ಷಣಾ ಸಾಧನಗಳಿಲ್ಲದೆ ಅವನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. 2023ರಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ಸಾವು ನಿಂತಿಲ್ಲ.

ಸಂವೇದಕ ಬರಲಿ, ಆದರೆ ‘ಗಾಳಿ ಸರಿಯಿದೆ, ಇಳಿ’ ಎನ್ನಲು ಅದು ನೆಪವಾಗಕೂಡದು. ಮೀಥೇನ್ ಇಲ್ಲವೆಂದ ಮಾತ್ರಕ್ಕೆ ಹೈಡ್ರೋಜನ್ ಸಲ್ಫೈಡ್ ಇಲ್ಲವೆಂದಲ್ಲ. ಒಳಗಿಳಿಯಬೇಕಾದುದು ಯಂತ್ರ. ಅದಕ್ಕೆ ಹಣ ಮೀಸಲಿಡಿರೆಂದು ನಗರಪಾಲಿಕೆಗಳನ್ನು ಕೇಳುವುದು ತೆರಿಗೆ ಕಟ್ಟುವ ನಮ್ಮೆಲ್ಲರ ಹೊಣೆ.