ಕಣ್ಣಿಗೆ ಕಾಣದ ತಪ್ಪು

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯಲ್ಲಿ ಮಗಳು ಗಣಕಯಂತ್ರದ ಪ್ರೋಗ್ರಾಮರ್ ಆಗಿ ಬೆಂಗಳೂರು ಸೇರಿದಳೆಂದರೆ, ನೆರೆಹೊರೆಯವರು ಮೊದಲು ವಿಚಾರಿಸುವದು ಅವಳ ಸಂಬಳವನ್ನು. ಆಮೇಲೆ, ತಂಪಾದ ಕೋಣೆಯಲ್ಲಿ ಕುಳಿತು ಮಾಡುವ ಕೆಲಸದಲ್ಲಿ ದಣಿವೆಲ್ಲಿಯದೆಂದು ಕೇಳುವರು. ಎರಡನೆಯ ಪ್ರಶ್ನೆಯನ್ನು ತಾಯಿತಂದೆಗಳೂ ಕೇಳುವದರಿಂದ, ಆ ಉದ್ಯೋಗದ ನಿತ್ಯದ ಕಷ್ಟಸುಖಗಳನ್ನು ಕುರಿತು ನಾಲ್ಕು ಮಾತು ಹೇಳುವದು ಉಚಿತವೆಂದು ತೋರುತ್ತದೆ.

ಪ್ರೋಗ್ರಾಮರಳ ಕೆಲಸವೆಂದರೆ ಯಂತ್ರಕ್ಕೆ ಆಜ್ಞೆಗಳನ್ನು ಬರೆದುಕೊಡುವದು. ಯಂತ್ರವು ಬಹು ವಿಧೇಯವಾದ ಸೇವಕ. ಆದರೆ ಅದಕ್ಕೆ ಊಹೆಯೆಂಬುದಿಲ್ಲ. ಹಿರಿಯರು ಗೋಕಾವಿಯೆಂದರೂ, ನಾವು ಗೋಕಾಕವೆಂದರೂ, ಪರಸ್ಥಳದವರು ಗೋಕಾಕ್ ಎಂದು ಬರೆದರೂ ಅಂಚೆಯವನು ಕಾಗದವನ್ನು ಅದೇ ಊರಿಗೆ ಮುಟ್ಟಿಸುವನು. ಯಂತ್ರಕ್ಕಾದರೋ, ಯಾರಾದರೂ ತಿಳಿಸಿ ಹೇಳುವವರೆಗೆ, ಇವು ಮೂರು ಬೇರೆ ಊರುಗಳು.

ಇಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಹುಕ್ಕೇರಿ ಎಂಬ ಶಬ್ದವನ್ನು ನೋಡಿರಿ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿಗಳನ್ನು ಗೊತ್ತುಪಡಿಸಿರುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ 1991ರಿಂದ ಕನ್ನಡಕ್ಕೂ ಸ್ಥಾನವುಂಟು. ಅದರಲ್ಲಿ ‘ಕ್ಕೇ’ ಎಂಬಲ್ಲಿಯ ಏತ್ವವನ್ನು ಒಂದೇ ಗುರುತಾಗಿ ಬರೆಯಬಹುದು. ಎತ್ವ ಬೇರೆ, ದೀರ್ಘ ಬೇರೆ ಎಂದು ಒಡೆದೂ ಬರೆಯಬಹುದು. ಗೋಕಾಕದ ಓತ್ವವನ್ನಂತೂ ಮೂರು ತುಂಡು ಮಾಡಬಹುದು. ತೆರೆಯ ಮೇಲೆ ರೂಪ ಒಂದೇ. ಯಂತ್ರದ ಹೊಟ್ಟೆಯಲ್ಲಿ ಅಂಕಿಗಳ ಸಾಲು ಬೇರೆ. ಎರಡೂ ಸಮಾನವೆಂದು ಆ ಏರ್ಪಾಡೇ ಸಾರಿದೆ. ಆದಾಗ್ಯೂ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂಬ ಆಜ್ಞೆಯನ್ನು ಬರೆಯದಿದ್ದರೆ, ಪಟ್ಟಿಯಲ್ಲಿ ಕಣ್ಣೆದುರಿಗೆ ಇರುವ ಹುಕ್ಕೇರಿಯನ್ನು ಯಂತ್ರವು ಇಲ್ಲವೆನ್ನುವದು. ಬರೆದವಳು ಎರಡು ಶಬ್ದಗಳನ್ನೂ ನೂರು ಸಾರಿ ಓದುವಳು, ಭೇದ ಕಾಣುವದಿಲ್ಲ. ಮುಂಜಾನೆಯಿಂದ ಹುಡುಕಿ, ದೀಪ ಹಚ್ಚುವ ಹೊತ್ತಿಗೆ ಕಾರಣ ತಿಳಿದು ಸೇರಿಸುವದು ಒಂದೇ ಸಾಲು. ದಿನವೆಲ್ಲ ಏನು ಮಾಡಿದೆಯೆಂದು ಮನೆಯವರು ಕೇಳಿದರೆ ಅವಳು ಏನು ತೋರಿಸಬೇಕು?

1947ರಲ್ಲಿ ಅಮೇರಿಕದ ಹಾರ್ವರ್ಡಿನಲ್ಲಿ ಗ್ರೇಸ್ ಹಾಪರ್ ಎಂಬ ಗಣಿತದ ಅಧ್ಯಾಪಕಿಯ ಸಂಗಡಿಗರು ಕೆಟ್ಟುನಿಂತ ಗಣಕಯಂತ್ರದೊಳಗಿಂದ ಒಂದು ಪತಂಗವನ್ನು ಹೊರತೆಗೆದು ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಕೈಯಿಂದ ಹಿಡಿಯಬಹುದಾದ ತಪ್ಪು ದೊರೆತ ಅವರು ಭಾಗ್ಯವಂತರು!

ಇನ್ನು, ಮುಗಿಸಿದ ಕೆಲಸವು ಮುಗಿದೇ ಇರುವದೆಂಬ ಭರವಸೆಯಿಲ್ಲ. 2014ರ ನವೆಂಬರ 1ಕ್ಕೆ ಬೆಳಗಾಂವ ಎಂಬ ಇಂಗ್ಲಿಷ್ ಹೆಸರು ಹೋಗಿ ಬೆಳಗಾವಿಯಾಯಿತು. 2018ರಲ್ಲಿ ಮೂಡಲಗಿಯು ಗೋಕಾಕದಿಂದ ಬೇರೆಯಾಗಿ ತಾನೇ ತಾಲೂಕಾಯಿತು. ಜನರಿಗೆ ಅದು ಹಬ್ಬ. ಆದರೆ ಆ ಹಳ್ಳಿಗಳನ್ನು ಗೋಕಾಕ ತಾಲೂಕಿನಡಿ ಬರೆದುಕೊಂಡಿದ್ದ ಪ್ರತಿಯೊಂದು ಪಟ್ಟಿಯನ್ನು ಯಾರೋ ಕುಳಿತು ತಿದ್ದಬೇಕು. ಹಳೆಯ ದಾಖಲೆಗಳಲ್ಲಿ ಮಾತ್ರ ಹಳೆಯ ತಾಲೂಕೇ ಉಳಿಯುವಂತೆಯೂ ನೋಡಿಕೊಳ್ಳಬೇಕು.

ಸುಖವೂ ಇಂಥದೇ, ಕಣ್ಣಿಗೆ ಕಾಣದ್ದು. ಒಬ್ಬ ಹುಡುಗಿಯ ಪಾಟಿಯಲ್ಲಿ ತಿದ್ದಿದ ತಪ್ಪು ಅವಳೊಬ್ಬಳಿಗೇ ಉಪಯೋಗ. ಇಲ್ಲಿ ಒಂದು ಸಾಲು ಸರಿಯಾದರೆ ಆ ಪಟ್ಟಿಯನ್ನು ನಂಬಿದವರೆಲ್ಲರ ಕೆಲಸ ಸಾಗುವದು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ವ್ಯಂಜನವನ್ನೂ ಸ್ವರವನ್ನೂ ಒಂದಾದ ಮೇಲೊಂದು ಒತ್ತಿದರೆ ಗುಣಿತಾಕ್ಷರ ತಾನಾಗಿ ಕೂಡುತ್ತದೆ. ದಿನಾಲು ಅದರಲ್ಲಿ ಬರೆಯುವವರಲ್ಲಿ ಆ ಹೆಸರನ್ನು ಬಲ್ಲವರು ಎಷ್ಟು ಮಂದಿ? ಈ ಸುಖವನ್ನು ಸಂಬಳದ ಚೀಟಿಯಲ್ಲಿ ಕಾಣಿಸಲಾಗದು. ಆದ್ದರಿಂದ ಮಗಳು ಬಳಲಿ ಮಾತಾಡಿದ ಮಾತ್ರಕ್ಕೆ ‘ಬಿಟ್ಟು ಬಾ’ ಎನ್ನುವ ಮೊದಲು, ಯಾವ ತಪ್ಪನ್ನು ಹುಡುಕುತ್ತಿರುವಿಯೆಂದು ಕೇಳಿರಿ. ಕೇಳುವವರಿದ್ದರೆ ಅವಳು ಸಂತೋಷದಿಂದ ಹೇಳುವಳು.

ಶಿಕ್ಷಕಿಯರಿಗೂ ಒಂದು ಮಾತು. ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದು ಕೊಟ್ಟರೆ ಹುಡುಕುವ ಕೆಲಸವನ್ನು ನಾವೇ ಮಾಡಿ ಮುಗಿಸಿದಂತಾಯಿತು. ಎಂಟನೆಯ ವರ್ಗದಿಂದ ಮುಂದಕ್ಕೆ ವಾರಕ್ಕೊಂದು ದಿನವಾದರೂ, ಗಣಿತದ ಪುಸ್ತಕದ ಅಂಚಿನಲ್ಲಿ ‘ಇಲ್ಲಿ ಎರಡು ತಪ್ಪುಗಳಿವೆ’ ಎಂದಷ್ಟೇ ಬರೆದು ಮರಳಿ ಕೊಡಬೇಕು. ಹುಡುಕಿ ತೆಗೆದದ್ದಕ್ಕೆ ಪ್ರತ್ಯೇಕ ಗುಣಗಳನ್ನೂ ಇಡಬೇಕು.